ಎಲ್ಲಾ ಅಳಿಸಿದ ಮ್ಯಾಲ

ಕರೀ ಪರದೆ, ಮ್ಯಾಲೆ ಎಡಕ್ಕ ಬಿಳೀ ಗೀಟೊಂದು ಮಿಣುಕ್ ಮಿಣುಕ್ ಅನ್ನಾಕತ್ತದ, ಅಷ್ಟ, ಮುಂದ ಏನೂ ಬರವಲ್ದು, ಕಂಪ್ಯೂಟರಿನ ವಿಂಡೋಸ್ ತೆಗೆದು ಲಿನಕ್ಸ್ ಹಾಕೋದು ಮುಗೀತು, ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡು ಅಂತ ಅದ ಹೇಳಿತ್ತು, ಮಾಡೀನಿ, ಈಗ ಹಿಂಗ ಸತ್ತಂಗ ಕುಂತದ — ಮೌಸ್ ಹಿಡಿಯಾಕೂ ಹೇಸಿಗಿ, ಬಸಣ್ಣನ ಕೈ ಇದರ ಮ್ಯಾಲ ಇದ್ದದ್ದು, ನನ್ನ ಗಂಡನ ಕೈ, ಸೋಪಿನ ಬಟ್ಟೀಲೆ ಒರೆಸೀನಿ, ಆದ್ರೂ ಜಿಡ್ಡು ಜಿಡ್ಡು ಅನಸ್ತದ. ನಿನ್ನೆ ಟೈಪಿಂಗ್ ಫೈಲ್ ಹುಡುಕಾಕ ಹೋಗಿ ಅವನದೊಂದು ಫೋಲ್ಡರ್ ತೆಗೆದೆ, ನಮ್ಮ ವಠಾರದ ಬಾತ್‌ರೂಮು, ಮ್ಯಾಲಿನ ಕಿಂಡಿಯೊಳಗ ಫೋನ್ ಹಿಡಿದು ತೆಗೆದ ವಿಡಿಯೋ, ಬೆನ್ನು ತಿರುಗಿಸಿ ನಿಂತ ಜಟ್ಟೆಮ್ಮ, ಬಾಜೂ ಖೋಲಿ ಜಟ್ಟೆಮ್ಮ, ನಮ್ಮ ಯಾದಗಿರಿ ಕಡೆಯಾಕಿ, ಈ ಕೆ.ಆರ್.ಪುರದಾಗ ನಮಗ ಇದ್ದ ಒಂದ ಊರಿನ ಮುಖ, ಬಸಣ್ಣಗ ಬಾಯಿ ತುಂಬ ಅಣ್ಣಾ ಅಂತಾಳ, ಅಣ್ಣಾ ಸಿಲಿಂಡರ್ ಒಂದ್ ಎತ್ತಿ ಇಡು ಅಂತಾಳ, ಇವ ಎತ್ತಿ ಇಡ್ತಾನ, ಥೂ — ಒಂದಲ್ಲ, ಕೆಳಗ ಇನ್ನೂ ಇದ್ವು, ನಾ ಪರದೆ ಆರಿಸಿ ಮೋರಿಗೆ ಓಡಿ ಉಂಡದ್ದೆಲ್ಲಾ ಕಾರ್ಕೊಂಡೆ, ರಾತ್ರಿ ಅವ ಬಾಜೂಕ ಮಲಗಿದಾಗ ಗ್ವಾಡಿಗೆ ಅಂಟಿ ಮಲಗಿದೆ. ಇವತ್ತು ಅವ ದೊಡ್ಡನೆಕ್ಕುಂದಿ ಫ್ಯಾಕ್ಟರಿಗೆ ಹೋದ ಕೂಡ್ಲೆ ಆ ಪೆನ್‌ಡ್ರೈವ್ ಸಿಗಿಸಿದೆ, ಶಿವಾಜಿನಗರದ ಡಿಟಿಪಿ ಅಂಗಡ್ಯಾಗ ನನ್ನ ಜೋಡಿ ಕೆಲಸ ಮಾಡೋ ಮುಬೀನ್ ಕೊಟ್ಟದ್ದು, ಸಿಸ್ಟಮ್ ಸ್ಲೋ ಆದ್ರೆ ಇದು ಹಾಕ್ಕೊಳಿ ಅಕ್ಕ, ಹಳೇದೆಲ್ಲಾ ಹೋಗಿ ಕ್ಲೀನ್ ಆಗ್ಬಿಡುತ್ತೆ ಅಂದಿದ್ದ. ಡಿಸ್ಕ್ ಪೂರ್ತಿ ಅಳಿಸಲೇನು ಅಂತ ಕೇಳಿತು, ಅಳಿಸು, ಅಳಿಸು, ಸುಟ್ಟು ಹೋಗ್ಲಿ.

ಮುಬೀನ್‌ಗ ಫೋನ್ ಹಚ್ಚಿದೆ, ಬ್ಲ್ಯಾಕ್ ಸ್ಕ್ರೀನಾ ಅಕ್ಕ, ಹಳೇ ಗ್ರಾಫಿಕ್ಸ್ ಕಾರ್ಡ್ ಇದ್ರೆ ಮೊದಲ್ನೇ ಸಲ ಹಂಗೇ ಆಡುತ್ತೆ, ಆಫ್ ಮಾಡಿ ಆನ್ ಮಾಡಿ, ಶಿಫ್ಟ್ ಹಿಡ್ಕೊಳಿ, ಮೆನು ಬಂತಾ, ಇ ಒತ್ತಿ, ಲಿನಕ್ಸ್ ಅಂತ ಶುರುವಾಗೋ ಲೈನಿನ ಕೊನೇಲಿ ನೋಮೋಡ್‌ಸೆಟ್ ಅಂತ ಟೈಪ್ ಮಾಡಿ, ಆ ಕಾರ್ಡ್ ಬಿಟ್ಟು ಸಾದಾ ಪರದೆ ತೋರ್ಸುತ್ತೆ, ಎಫ್ ಟೆನ್ ಒತ್ತಿ ಅಂದ. ಒಂದಕ್ಷರ ತಪ್ಪಾತು, ಮತ್ತ ಮೊದಲಿಂದ — ಬಂತು, ಅಕ್ಷರ ದಪ್ಪ ದಪ್ಪ, ಚಿತ್ರ ಹಿಗ್ಗಿಸಿದಂಗ, ಸಾಕು ಅಕ್ಕ, ಈಗ ಆ ಕಾರ್ಡಿನ ಡ್ರೈವರ್ ಹಾಕಿ ಅಂದ, ಹಾಕಿದೆ, ರೀಸ್ಟಾರ್ಟ್, ಫ್ಯಾನ್ ಗುಂಯ್ ಅಂತು, ಡೆಸ್ಕ್‌ಟಾಪ್ ತೆರಕೊಂತು, ತಿಳಿ ಹಸಿರು, ಒಂದೂ ಕಲೆ ಇಲ್ಲ. ಸೂಪರ್ ಅಕ್ಕ ಅಂದು ಮುಬೀನ್ ಫೋನ್ ಇಟ್ಟ. ವಿಡಿಯೋ ಫೋಲ್ಡರ್ ತೆಗೆದೆ, ಖಾಲಿ ಅದ ಅಂತ ಬಂತು, ಸಮಾಧಾನ ಆಗಬೇಕಿತ್ತು, ಅಷ್ಟರಾಗ ಬಸಣ್ಣನ ಫೋನು, ಏನ್ ಮಾಡಾಕತ್ತಿ ಅಂದ, ಕಂಪ್ಯೂಟರಿಗೆ ಬ್ಯಾರೆ ಸಿಸ್ಟಮ್ ಹಾಕೀನಿ ಅಂದೆ, ಹಳೇದೆಲ್ಲಾ ಹೋತೇನು ಅಂದ, ಹೋತು, ನಾ ಎಲ್ಲಾ ನೋಡೀನಿ ಅಂದೆ. ಅವ ಮೆತ್ತಗ, ಅಳಿಸಿದಿಯಲ್ಲ, ಚೊಲೋ ಮಾಡ್ದಿ ಬಿಡು. ಚೊಲೋ ಮಾಡ್ದಿ! ಅವನ ಕಾಲರಿನ ಮಣ್ಣು ತಿಕ್ಕಿ ತೊಳದಂಗ ಇದನ್ನೂ ತೊಳದು ಕೊಟ್ಟೆನಲ್ಲ, ಜಟ್ಟೆಮ್ಮ ಹೋಗಿ ಪೊಲೀಸರಿಗೆ ತೋರಸಬೇಕಂದ್ರ ಇದ್ದ ಸಾಕ್ಷಿ ಅದೊಂದ ಅಲ್ಲೇನು, ನನ್ನ ಕಣ್ಣಿಗೆ ಕಾಣಬಾರದಂತ ಅಳಿಸಿದೆ, ಆಕಿ ನೆನಪ ಬರಲಿಲ್ಲಲ್ಲ ನನಗ, ಈಗ ಹೇಸಿಗಿ ಮೌಸಿನದಲ್ಲ, ಈ ಕೈಯದು, ನನ್ನ ಕೈಯದು — ಹೊರಗ ಚಪ್ಪಲಿ ಸಪ್ಪಳ, ಜಟ್ಟೆಮ್ಮ, ಬಿಸಿನೀರಿನ ಬಕೆಟ್ ಎರಡೂ ಕೈಲೆ ಹಿಡಕೊಂಡು, ಅಕ್ಕಾ, ಬಾತ್‌ರೂಮ್ ಖಾಲಿ ಅದಲ್ಲ, ನಾ ಎದ್ದು ಓಡಿ ಅಡ್ಡ ನಿಂತೆ, ಹೋಗಬ್ಯಾಡ, ಯಾಕ ಅಕ್ಕಾ, ಬಸಣ್ಣ ಕಿಂಡಿಯೊಳಗಿಂದ ನಿನ್ನ ವಿಡಿಯೋ ತೆಗೆದಾನ, ನಾ ನೋಡೀನಿ, ತಿಳೀದ ನಾನ ಅಳಿಸೀನಿ, ಅವನ ಫೋನಿನ್ಯಾಗ ಇನ್ನೂ ಇರಬಹುದು, ಸ್ಟೇಷನ್ನಿಗೆ ಹೋಗೂಣು ನಡಿ, ಕಂಡದ್ದು ನಾ ಹೇಳ್ತೀನಿ. ಅಣ್ಣನಾ, ಅಂದ್ಲು, ಅಷ್ಟ. ಬಕೆಟ್ ಕೆಳಗಿಟ್ಲು, ನನ್ನ ಮುಖ ನೋಡವಲ್ಲಳು, ನೀರ ನೋಡಾಕತ್ಯಾಳ, ನಾನೂ ನೀರ ನೋಡಾಕತ್ತೀನಿ, ಹಬೆ ಏಳಾಕತ್ತದ, ಹಬೆ, ಇನ್ನೂ ಏಳಾಕತ್ತದ, ಹಬೆ