ಸೋಮವಾರದ ಬೆಂಕಿ

ಗಂಡ ಸತ್ತ ಎರಡು ತಿಂಗಳಿಗೆ ಅವನ ಫೋನಿಗೆ ಸಂದೇಶ ಬಂತು. ಬೇಕರಿಯ ಪರವಾನಗಿ ಮಂಜೂರಾಗಿತ್ತು. ನಿಯಮ ಸರಳ ಮಾಡಿದ್ದರಂತೆ; ಕೊಳೆಯುತ್ತಿದ್ದ ಅರ್ಜಿಗಳಿಗೆಲ್ಲ ಒಂದೇ ದಿನ ಒಪ್ಪಿಗೆ.

ಅದಕ್ಕಾಗಿ ಅವನು ನಾಲ್ಕು ವರ್ಷ ಹನ್ನೊಂದು ಕಚೇರಿ ಅಲೆದಿದ್ದ. ಹೊಗೆಕೊಳವೆ ಎತ್ತರಿಸು ಎಂದ ಒಬ್ಬ ಅಧಿಕಾರಿ, ತಗ್ಗಿಸು ಎಂದ ಇನ್ನೊಬ್ಬ. ಎರಡನ್ನೂ ಮಾಡಿದ್ದ. ಬ್ರೆಡ್ ಬೇಯಿಸುವಂತಿರಲಿಲ್ಲ. ಆದರೂ ತಾನೇ ಕಟ್ಟಿದ ಖಾಲಿ ಭಟ್ಟಿಯಲ್ಲಿ ಪ್ರತಿ ಸೋಮವಾರ ನಾಲ್ಕು ಸೌದೆ ಉರಿಸುತ್ತಿದ್ದ. "ಇಟ್ಟಿಗೆಗೆ ತೇವ ಹಿಡೀಬಾರ್ದು ಕಣೇ" ಅನ್ನುತ್ತಿದ್ದ. ಅಕ್ಕಪಕ್ಕದವರು ಅವನಿಗೆ ಹೊಗೆ ಸಾಹುಕಾರ ಎಂದು ಹೆಸರಿಟ್ಟಿದ್ದರು. ಅವನು ಹೋದ ಮೇಲೆ ಅವಳು ಆ ಬೆಂಕಿ ನಿಲ್ಲಿಸಿದಳು. ಪರವಾನಗಿಯಿಲ್ಲದ ಭಟ್ಟಿಗೆ ಸೌದೆ ದಂಡ ಅನ್ನಿಸಿತ್ತು.

ಶನಿವಾರದೊಳಗೆ ಬೇಕರಿ ಶುರುವಾಗದಿದ್ದರೆ ಭಟ್ಟಿಯಿದ್ದ ಬಾಡಿಗೆ ಜಾಗ ಬಿಡಬೇಕೆಂದು ಮಾಲೀಕ ಹೇಳಿದ್ದ. ಬುಧವಾರ ಅವಳು ಫೈಲುಗಳ ಚೀಲ ಹೊತ್ತು ಕಚೇರಿಗೆ ಹೋದಳು.

"ಅವ್ರ ಹೆಸ್ರು ರದ್ದು ಮಾಡಿ ನಿಮ್ಮ ಹೆಸ್ರು ಹಾಕ್ಬೇಕಮ್ಮ" ಎಂದ ಗುಮಾಸ್ತ. "ಒಂದೇ ಹಾಳೆ. ಹತ್ತು ನಿಮಿಷ."

"ಈ ಫೈಲು?"

"ಅದ್ಯಾವ್ದೂ ಬೇಡ."

"ಮೊದ್ಲೂ ಇಷ್ಟೇ ಸಾಕಿತ್ತಾ?"

ಗುಮಾಸ್ತ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನಾನು ಬಂದು ಆರು ತಿಂಗಳಾಯ್ತಷ್ಟೆ."

ಅವನು ತಿರುಗಿಸಿದ ಪರದೆಯಲ್ಲಿ ಗಂಡನ ಹೆಸರಿನ ಎದುರು 'ರದ್ದು' ಎಂದಿತ್ತು. ಅದನ್ನು ಅವಳೇ ಒತ್ತಬೇಕಿತ್ತು. ಒತ್ತಿದಳು.

ಬೇಕರಿ ಜಾಗಕ್ಕೆ ಬಂದವಳೇ ಹಿಟ್ಟು ನಾದಿಟ್ಟು, ಭಟ್ಟಿಯ ತುಂಬ ಸೌದೆ ಪೇರಿಸಿ ಬೆಂಕಿ ಕೊಟ್ಟಳು. ಗಂಟೆಯೊಳಗೆ ಒಳಗಿನಿಂದ ಫಟ್ ಎಂದು ಸದ್ದು ಬಂತು.

ಬೆಂಕಿ ಆರಿಸಿ ಅವಳು ಕರೆಸಿದ ಗಾರೆಯವನು, ಬಾಯಿಂದ ಹಿಂಗೋಡೆಯವರೆಗೆ ಬಿರುಕು ಬಿಟ್ಟ ಭಟ್ಟಿಯ ಕಮಾನನ್ನು ಬ್ಯಾಟರಿ ಬಿಟ್ಟು ನೋಡಿದ.

"ಎಷ್ಟು ದಿನ ತಣ್ಣಗಿತ್ತಕ್ಕ?"

"ಎರಡು ತಿಂಗ್ಳು."

"ತೇವ ಕುಡಿದಿದೆ. ಒಂದು ವಾರ ಸಣ್ಣ ಉರಿ ಕೊಟ್ಟು ಒಣಗಿಸ್ಬೇಕಿತ್ತು. ಭಾವ ಹೇಳಿರ್ಲಿಲ್ವಾ?"

"ಹೇಳಿದ್ರು."

"ಬಿಚ್ಚಿ ಕಟ್ಟಿ ಒಣಗೋಕೆ ಒಂದೂವರೆ ತಿಂಗ್ಳು."

"ಶನಿವಾರಕ್ಕೆ ಏನೂ ಆಗಲ್ವಾ?"

"ಇಟ್ಟಿಗೆಗೆ ಹೊಸ ನಿಯಮ ಗೊತ್ತಿಲ್ವಲ್ಲಕ್ಕ" ಎಂದ, ನಗಿಸಲು. ಅವಳು ನಗದಿದ್ದಾಗ ಬ್ಯಾಟರಿ ಆರಿಸಿ ಜೇಬಿಗೆ ಹಾಕಿಕೊಂಡ.

ನಾದಿಟ್ಟ ಹಿಟ್ಟು ಉಬ್ಬಿ, ಮೇಲೆ ಮುಚ್ಚಿದ್ದ ಬಟ್ಟೆಯನ್ನು ಎತ್ತಿತ್ತು. ಅವಳು ಗಂಡನ ಫೋನು ತೆಗೆದುಕೊಂಡಳು. ಮಾಲೀಕನ ನಂಬರು ಅದರಲ್ಲಿ ಮಾತ್ರ ಇತ್ತು.