ಷಣ್ಮುಖಪ್ಪನವರ ಧ್ವನಿ ನನ್ನಲ್ಲಿತ್ತು

ನಾನು ಒಂದು ಕಂಪ್ಯೂಟರ್. ನನ್ನ ಬಿಡಿಭಾಗಗಳು ದೂರದೇಶಗಳಲ್ಲಿ ಹುಟ್ಟಿದವು. ಜೋಡಿಸಿ ಜೀವ ಕೊಟ್ಟದ್ದು ಹುಬ್ಬಳ್ಳಿಯ ಅಂಗಡಿ. ಮೊದಲು ಟೈಪಿಂಗ್ ತರಬೇತಿ ಕೇಂದ್ರದಲ್ಲಿದ್ದೆ. ಅದು ಮುಚ್ಚಿದಾಗ ರಾಣೆಬೆನ್ನೂರಿನ ಷಣ್ಮುಖಪ್ಪ ಸವಣೂರ ನನ್ನನ್ನು ಕೊಂಡರು.

ಆಟೋಗಳಲ್ಲಿ ಮೊಳಗುವ ಪ್ರಚಾರಕ್ಕೆ ಧ್ವನಿ ಕೊಡುವುದು ಅವರ ಕಸುಬು. ಸೀರೆ ಮಾರಾಟ, ಕಣ್ಣಿನ ತಪಾಸಣೆ, ಊರವರ ನಿಧನ ವಾರ್ತೆ, ಎಲ್ಲವೂ ಅವರದೇ ಗಂಟಲು. ಆ ಗಂಟಲಿಗೆ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆ ತೆಗೆಯಬೇಕೆಂದರು ವೈದ್ಯರು.

ಆಸ್ಪತ್ರೆ ಸೇರುವ ಹಿಂದಿನ ದಿನ ನನ್ನ ಲಾಗಿನ್ ಕೆಟ್ಟಿತು. ಆರಿಸಿ ಮತ್ತೆ ಹಚ್ಚಿದಾಗ ತೆರೆದುಕೊಂಡೆ, ಆದರೆ ಪರದೆ ಬರಿದು.

"ಅಪ್ಪಾ, ಹಳೇ ಫೈಲ್ ಒಂದೂ ಕಾಣವಲ್ವು" ಎಂದಳು ಮಗಳು ತ್ರಿವೇಣಿ.

"ಆಮ್ಯಾಲ ನೋಡ್ಸೋಣ. ನಾಳೆ ನನ್ನ ಗಂಟಲಾನ ಇರೂದಿಲ್ಲ. ರೆಕಾರ್ಡ್ ಹಚ್ಚು."

ಇದು ತಾತ್ಕಾಲಿಕ ಖಾತೆ, ಇದರಿಂದ ಹೊರಬಂದೊಡನೆ ಅಥವಾ ನನ್ನನ್ನು ಆರಿಸಿದೊಡನೆ ಇಲ್ಲಿಟ್ಟದ್ದು ಅಳಿಸಿಹೋಗುತ್ತದೆ ಎಂದು ನಾನು ಪರದೆಯ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ತೋರಿಸಿದೆ. ದಿನವೂ ಇಂಥ ಸೂಚನೆಗಳನ್ನು ಓದದೆ ಮುಚ್ಚುವ ತ್ರಿವೇಣಿ ಇದನ್ನೂ ಮುಚ್ಚಿದಳು.

ಷಣ್ಮುಖಪ್ಪ ಸಂಜೆಯವರೆಗೆ ಓದಿದರು. ಊರುಗಳು, ತಿಂಗಳುಗಳು, ಅಂಕಿಗಳು, 'ಇಂದೇ ಬನ್ನಿ'. ಮುಂದೆ ಮಗಳು ಇವನ್ನು ಜೋಡಿಸಿ ಕಸುಬು ನಡೆಸಬೇಕಿತ್ತು. ಕೊನೆಗೆ ತಮ್ಮದೇ ನಿಧನ ವಾರ್ತೆ ಓದಿದರು.

"ಏನ್ ಮಾತಪ್ಪಾ ಇದು?"

"ಊರಾಗ ಸತ್ತಾವ್ರನ್ನೆಲ್ಲಾ ನಾನ ಕಳಿಸೀನಿ. ನನ್ನ ಸುದ್ದಿ ಮಾತ್ರ ಬ್ಯಾರೇದಾವ್ರು ಓದಬೇಕೇನು? ತಾರೀಖಷ್ಟ ನೀ ಸೇರ್ಸು."

ತ್ರಿವೇಣಿ ಎಲ್ಲವನ್ನೂ ಪರದೆಯ ಮೇಲೆ ಉಳಿಸಿ ನನ್ನನ್ನು ಆರಿಸಿದಳು.

ಶಸ್ತ್ರಚಿಕಿತ್ಸೆಯಾದ ಮೇಲೆ ರಿಪೇರಿಯ ಇರ್ಫಾನ್ ಬಂದ. "ಆತು ನೋಡ್ರಿ ಅಕ್ಕಾರ, ಹಳೇ ಖಾತೆ ಬಂತು." ಹಳೆಯದೆಲ್ಲ ಬಂದಿತ್ತು. ಆ ದಿನದ್ದು ಇರಲಿಲ್ಲ. ವಿಷಯ ತಿಳಿದು ಅವನು ಬಹಳ ಹುಡುಕಿದ. ಚೂರುಗಳು ಸಿಕ್ಕವು, ಶಬ್ದ ಹೊರಡಲಿಲ್ಲ.

ಕುತ್ತಿಗೆಯಲ್ಲಿ ತೂತಿನೊಡನೆ ಷಣ್ಮುಖಪ್ಪ ಮನೆಗೆ ಬಂದರು. ಹಳೆಯ ಜಾಹೀರಾತುಗಳನ್ನು ಕೇಳಿದರು. ಮಾತಿನೊಳಗೆ ಸಂಗೀತ ಬೆರೆತಿತ್ತು, ಪದಗಳನ್ನು ಬಿಡಿಸಿ ಹೊಸದಾಗಿ ಜೋಡಿಸಲಾಗದು. ಹೆಡ್‌ಫೋನ್ ತೆಗೆದಿಟ್ಟು, ಮೈಕನ್ನು ಮಗಳ ಎತ್ತರಕ್ಕೆ ಇಳಿಸಿದರು.

ಈಗ ನಾನು ಗುಜರಿ ಅಂಗಡಿಯಲ್ಲಿದ್ದೇನೆ. ಎಚ್ಚರಿಸುವುದಕ್ಕೂ ತಿಳಿಸುವುದಕ್ಕೂ ಎಷ್ಟು ಅಂತರವಿದೆ ಎಂದು ಇಲ್ಲಿ ಕೂತು ಯೋಚಿಸುತ್ತೇನೆ. ಇಂದು ಬೆಳಿಗ್ಗೆ ಪ್ರಚಾರದ ಆಟೋ ಹೋಯಿತು. ಷಣ್ಮುಖಪ್ಪ ಸವಣೂರ ನಿಧನರಾಗಿದ್ದಾರೆ ಎಂದಿತು. ಧ್ವನಿ ತ್ರಿವೇಣಿಯದು. ತಾರೀಖಷ್ಟೇ ಅಲ್ಲ, ಎಲ್ಲವನ್ನೂ ಅವಳೇ ಓದಿದ್ದಳು.