ಏಳು ಅಂದರೆ ಏಳಬೇಕು

'ಲೇಟ್ ಎಂಟ್ರಿ'ಯನ್ನು ಎಳೆದುಕೊಂಡು ಬಾ ಎಂದು ಆಟದ ಮೇಷ್ಟ್ರು ಅವಳ ಸಹಪಾಠಿ ಡೈಲಾಗ್‌ನನ್ನು ಅಟ್ಟಿದ್ದರು. ಗುಂಡು ಎಸೆತದ ಫೈನಲ್ಲಿಗೆ ಬಸ್ಸು ಬೆಳಿಗ್ಗೆ ಏಳಕ್ಕೆ ಹೊರಡುತ್ತದೆ. ಅವಳು ಬರದಿದ್ದರೆ ಬದಲಿ ಹುಡುಗಿ ಸಿದ್ಧ. ದಿನಾ ಶಾಲೆಗೆ ತಡವಾಗಿ ಬರುವವಳಿಗೆ ಲೇಟ್ ಎಂಟ್ರಿ ಎಂದು ಹೆಸರಿಟ್ಟವನು ಇವನೇ. ಸಿನಿಮಾ ಮಾತಿಲ್ಲದೆ ಪೆನ್ನೂ ಕೇಳದ ಇವನಿಗೆ ಡೈಲಾಗ್ ಎಂದು ಹೆಸರಿಟ್ಟವಳು ಅವಳು.

ಬೆಚ್ಚಿಬೀಳಿಸೋಣವೆಂದು ಅವಳ ಮನೆಯ ಕಿಟಕಿಗೆ ಬಾಯಿಟ್ಟು, ಖಳನಾಯಕನ ದನಿಯಲ್ಲಿ ಗುಡುಗಿದ: "ಬಸ್ಸು ಎಷ್ಟಕ್ಕೆ ಗೊತ್ತೇನೇ? ಏಳು!"

ಒಳಗೆ ಮಂಚದಂಚಿನಲ್ಲಿ ಕೂತಿದ್ದ ಅವಳ ಅಮ್ಮ ಎದ್ದೇಬಿಟ್ಟರು. ಅರ್ಧ ಮೈ ಎದ್ದಿತು. ಲಕ್ವ ಹೊಡೆದ ಬಲಭಾಗ ಬರಲಿಲ್ಲ. ವಾಲಿದರು. ಗಾಲಿಕುರ್ಚಿಯ ಬ್ರೇಕ್ ಹಾಕುತ್ತಿದ್ದ ಹುಡುಗಿ ಹಾರಿ ಬಂದು, ಅಮ್ಮನ ಮೊಣಕಾಲಿಗೆ ತನ್ನ ಮೊಣಕಾಲು ಒತ್ತಿ, ಸೊಂಟ ತಬ್ಬಿ, ಮೆಲ್ಲಗೆ ಮತ್ತೆ ಕೂರಿಸಿದಳು.

"ಯಾವ ಕೋತಿನೋ ಅದು?"

"ನಾನು... ನಾನೇ."

"ಒಳಗ್ಬಂದು ಸಾಯಿ! ನಮ್ಮನೇಲಿ ಆ ಮಾತು ಸುಮ್‌ಸುಮ್ನೆ ಹೇಳಂಗಿಲ್ಲ ಕಣೋ. ಆರರ ತನಕ ಎಣಿಸ್ತಾ ತೂಗೋದು. ಏಳು ಅಂದ್ರೆ ಅಮ್ಮ ಏಳೋದು."

ಅಮ್ಮ ಸೊಟ್ಟ ಬಾಯಲ್ಲೇ ನಕ್ಕರು. "ದನಿ... ಚೆನ್ನಾಗಿದೆ. ಕೆಲಸಕ್ಕೆ... ಇಟ್ಕೋ."

ಡೈಲಾಗ್‌ಗೆ ನಗು ಬರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು ಬಾಗಿಲ ಬಳಿ ನಿಂತ.

ಹುಡುಗಿ ಮತ್ತೆ ಎದುರು ನಿಂತಳು. ಒಂದು, ಎರಡು, ಮೂರು... ತಾಯಿ ಮಗಳು ಜೋಕಾಲಿಯ ಹಾಗೆ ಹಿಂದೆ ಮುಂದೆ ತೂಗಿದರು. "ಏಳು!" ಅವಳಿಗಿಂತ ಎರಡು ಪಟ್ಟು ದಪ್ಪದ ಹೆಂಗಸು ಸಲೀಸಾಗಿ ಮೇಲೆದ್ದು, ಅರೆಸುತ್ತು ತಿರುಗಿ, ಕುರ್ಚಿಯಲ್ಲಿ ಕೂತರು. ಇವನ ಬಾಯಿ ತೆರೆದದ್ದು ತೆರೆದೇ ಇತ್ತು. ಒಂದೇ ಏಟಿಗೆ ಹತ್ತು ಜನರನ್ನು ಹಾರಿಸುವ ಹೀರೋಗಳಿಗೆ ಶಿಳ್ಳೆ ಹೊಡೆದವನು. ಇಂಥದ್ದನ್ನು ಯಾವ ಪರದೆಯ ಮೇಲೂ ಕಂಡಿರಲಿಲ್ಲ.

"ಗುಂಡು ಅಷ್ಟು ದೂರ ಹೋಗೋದು ಇದಕ್ಕೇನಾ?"

"ತೋಳಲ್ಲಿ ಎತ್ತಿದ್ರೆ ಇಬ್ರೂ ಬೀಳ್ತೀವಿ. ಎಲ್ಲಾ ಮೊಣಕಾಲಲ್ಲಿರೋದು." ಅವಳು ದನಿ ತಗ್ಗಿಸಿದಳು. "ನಂಗೆ ಹೊಟ್ಟೆನೋವು ಅಂತ ಮೇಷ್ಟ್ರಿಗೆ ಹೇಳು. ಪಕ್ಕದ್ಮನೆ ಅತ್ತೆ ಏಳೂವರೆಗೆ ಬರೋದು. ಅಮ್ಮನ್ನ ಒಂಟಿಯಾಗಿ ಬಿಟ್ಟು ಹೆಂಗೆ ಬರ್ಲಿ?"

"ದಿನಾ ಇದಕ್ಕೇನಾ ಲೇಟು?"

"ಮತ್ತೆ? ಮೇಕಪ್ಪಿಗಾ?"

ಡೈಲಾಗ್ ಗೋಡೆ ಗಡಿಯಾರ ನೋಡಿದ. "ನಾನಿರ್ತೀನಿ. ಅತ್ತೆ ಬರೋ ತನಕ."

"ನೀನಾ?" ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಈಗ್ತಾನೆ ಬೀಳಿಸ್ತಿದ್ದೆ!"

ತೀರ್ಮಾನ ಹೇಳಿದ್ದು ಅಮ್ಮ, ಅದೂ ಮಾತಿನಲ್ಲಲ್ಲ. ಎಡಗೈ ಚಾಚಿ, ಜಡೆ ಹಾಕಿಕೊಂಡು ಹೊರಡು ಎಂಬಂತೆ ಮಗಳ ಬಿಚ್ಚುಗೂದಲು ಹಿಡಿದು ಜಗ್ಗಿದರು. ಅವಳು ಕುರ್ಚಿಯ ಮುಂದೆ ಅಮ್ಮನಿಗೆ ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕೂತು, ಕೂದಲನ್ನು ಮೂರು ಎಳೆ ಮಾಡಿ, ಎರಡನ್ನು ತಾನು ಹಿಡಿದಳು; ಒಂದು ಅಮ್ಮನ ಕೈಗೆ. ಅಮ್ಮನದೊಂದು, ಮಗಳವೆರಡು, ಮೂರು ಕೈಗಳು ಎಳೆ ಬದಲಿಸುತ್ತ ಹೋದವು. ಇಬ್ಬರೂ ಎಣಿಸಲಿಲ್ಲ, ಕೈಗಳ ಕಡೆ ನೋಡಲೂ ಇಲ್ಲ. ಜಡೆ ಕಣ್ಣೆದುರೇ ಬೆಳೆಯಿತು.

"ಎಬ್ಬಿಸ್ಬೇಡ. ನೀರು ಚಮಚದಲ್ಲೇ ಕೊಡು, ಗದ್ದ ಎದೆ ಕಡೆ ಇರ್ಬೇಕು, ನುಂಗೋ ತನಕ ಇನ್ನೊಂದು ಚಮಚ ಇಲ್ಲ," ಎನ್ನುತ್ತಲೇ ಅವಳು ಬೂಟಿಗೆ ಕಾಲು ತುರುಕಿ ಓಡಿದಳು.

ತಿರುವಿನಲ್ಲಿ ಅವಳು ಮರೆಯಾಗುವ ತನಕ ಅಮ್ಮ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಲೋಟದ ಕಡೆ ಕಣ್ಣು ತೋರಿಸಿದರು.

ಡೈಲಾಗ್ ಚಮಚ ತುಂಬಿದ. ಗದ್ದ ಬಾಗಿತು. ನೀರು ಬಾಯೊಳಗೆ ಹೋಯಿತು. ಕಾದ. ಗಂಟಲು ಒಮ್ಮೆ ಮೇಲಕ್ಕೇರಿತು, ನಿಂತಿತು, ಕೊನೆಗೂ ಇಳಿಯಿತು.

"ಹೋಯ್ತಾ ಅಮ್ಮಾ?" ಎಂದ, ಪಿಸುದನಿಯಲ್ಲಿ.

"ಹೋಯ್ತು," ಎಂದರು ಅವರು. "ಇನ್ನೊಂದು."